ಕೆರೆ ಕೆಳಗಿನ ಗದ್ದೆಗೆ ಬಡಾವಣೆ ಬರುವಾಗ: ಪ್ರಾಧಿಕಾರ ಏನನ್ನು ತೂಗಬೇಕು, ನೀವು ಏನನ್ನು ಬರೆದುಕೊಡಬೇಕು

ಪ್ರಶ್ನೆ: ನಾವು ಚಿಕ್ಕಮಗಳೂರಿನ ಅಂಚಿನ ಬಡಾವಣೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ವಾಸವಾಗಿದ್ದೇವೆ. ನಮ್ಮ ಪಕ್ಕದಲ್ಲೇ ಕೆರೆಯ ಕೆಳಗಿರುವ ಆರು ಎಕರೆ ಗದ್ದೆಯನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಸಲ್ಲಿಸಬಹುದು ಎಂಬ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕಟಣೆಯನ್ನು ದಿನಪತ್ರಿಕೆಯಲ್ಲಿ ನೋಡಿದೆವು. "ಡಿ.ಸಿ. ಕನ್ವರ್ಷನ್ ಆಗಿಯೇ ಆಗುತ್ತದೆ, ನಿಮ್ಮ ತಕರಾರಿನಿಂದ ಏನೂ ಆಗುವುದಿಲ್ಲ" ಎಂದು ಜಮೀನಿನವರು ಹೇಳುತ್ತಿದ್ದಾರೆ. ಪ್ರಾಧಿಕಾರದ ಸಭೆ ಇಂಥ ಅರ್ಜಿಗಳನ್ನು ಯಾವ ಆಧಾರದ ಮೇಲೆ ತೂಗುತ್ತದೆ? ನಮ್ಮ ಆಕ್ಷೇಪಣೆಗೆ ಬೆಲೆ ಇದೆಯೇ? ನಮ್ಮ ಬಡಾವಣೆಯ ಪಾರ್ಕ್ ಜಾಗದಲ್ಲಿ ಸಮುದಾಯ ಭವನ ಕಟ್ಟುವ ಮಾತೂ ಕೇಳಿಬರುತ್ತಿದೆ. ಅದು ಸರಿಯೇ?

ಉತ್ತರ: ನಿಮ್ಮ ಆಕ್ಷೇಪಣೆಗೆ ಬೆಲೆ ಇದೆ. ಆದರೆ ಅದು ಬರವಣಿಗೆಯಲ್ಲಿರಬೇಕು, ಗಡುವಿನೊಳಗೆ ಕಡತ ಸೇರಿರಬೇಕು, ಮತ್ತು ಆ ನೆಲದ ಕುರಿತೇ ಮಾತನಾಡಬೇಕು. ನಗರ ಯೋಜನೆಯ ಕೆಲಸದಲ್ಲಿ ನಾನು ಕಳೆದ ವರ್ಷಗಳಲ್ಲಿ ಸಭೆಗಳಿಗೆ ಟಿಪ್ಪಣಿ ಸಿದ್ಧಪಡಿಸುವ ಮೇಜಿನ ಬಳಿಯೂ ಕುಳಿತಿದ್ದೇನೆ, ಸಭೆಯ ಮೇಜಿನ ಬಳಿಯೂ ಕುಳಿತಿದ್ದೇನೆ. ಒಂದು ಮಧ್ಯಾಹ್ನಕ್ಕೆ ಮೂವತ್ತು ನಲವತ್ತು ವಿಷಯಗಳು ಬರುತ್ತವೆ. ಅಧ್ಯಕ್ಷರು, ಆಯುಕ್ತರು, ನಗರ ಯೋಜಕ ಸದಸ್ಯರು, ಶಾಸಕರು, ಇತರ ಸದಸ್ಯರು ಒಂದೊಂದು ವಿಷಯಕ್ಕೆ ಕೊಡಬಹುದಾದ ಸಮಯ ಕೆಲವೇ ನಿಮಿಷ. ಅವರಲ್ಲಿ ಹೆಚ್ಚಿನವರು ಆ ಗದ್ದೆಯನ್ನು ಕಣ್ಣಾರೆ ಕಂಡಿರುವುದಿಲ್ಲ. ಅವರ ಪಾಲಿಗೆ ಆ ಗದ್ದೆ ಎಂದರೆ ವಿಷಯ ಸಂಖ್ಯೆ, ಸರ್ವೆ ನಂಬರು, ವಿಸ್ತೀರ್ಣ, ಒಂದು ನಕ್ಷೆ ಮತ್ತು ಒಂದೂವರೆ ಪುಟದ ಟಿಪ್ಪಣಿ. ಕಡತದಲ್ಲಿಲ್ಲದ ಸಂಗತಿ ಸಭೆಯ ಮುಂದೆ ಬರುವುದಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಕಾಗದದಲ್ಲಿ ಇಲ್ಲದೆ ಹೋದದ್ದರಿಂದ ಕೆಟ್ಟ ನಿರ್ಣಯಗಳಾದುದನ್ನು ನಾನು ನೋಡಿದ್ದೇನೆ.

ಮೊದಲು ಜಮೀನಿನವರ ಮಾತಿನಲ್ಲಿರುವ ಗೊಂದಲವನ್ನು ಬಿಡಿಸಿಕೊಳ್ಳೋಣ. ಗದ್ದೆಯೊಂದು ಬಡಾವಣೆಯಾಗಲು ಬೇಕಾದ ಅನುಮತಿ ಒಂದಲ್ಲ, ಮೂರು. ಮೊದಲನೆಯದು ಭೂ ಉಪಯೋಗದ ಬದಲಾವಣೆ. ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಹಸಿರು ಬಣ್ಣದ ಕೃಷಿ ವಲಯದಲ್ಲಿರುವ ಜಮೀನನ್ನು ಹಳದಿ ಬಣ್ಣದ ವಸತಿ ವಲಯಕ್ಕೆ ತರುವ ಈ ಕೆಲಸ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರದ ಮುಂದೆ ಬರುತ್ತದೆ. ಎರಡನೆಯದು 1964ರ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಜಿಲ್ಲಾಧಿಕಾರಿಗಳಿಂದ ಆಗಬೇಕಾದ ಭೂ ಪರಿವರ್ತನೆ, ಅಂದರೆ ಹಳಬರು ಅನ್ಯಕ್ರಾಂತ ಎನ್ನುವ, ಈಗಿನವರು ಡಿ.ಸಿ. ಕನ್ವರ್ಷನ್ ಎನ್ನುವ ಆದೇಶ. ಮೂರನೆಯದು ಅದೇ ಯೋಜನಾ ಕಾಯ್ದೆಯ 17ನೇ ಪ್ರಕರಣದಡಿ ರಸ್ತೆ, ನಿವೇಶನ, ಉದ್ಯಾನಗಳನ್ನು ಗುರುತಿಸಿದ ವಿನ್ಯಾಸ ನಕ್ಷೆಗೆ ಸಿಗುವ ಅನುಮೋದನೆ. ಒಂದು ಸಿಕ್ಕರೆ ಉಳಿದೆರಡೂ ತಾವಾಗಿ ಸಿಗುತ್ತವೆ ಎಂದು ಭಾವಿಸುವುದು ತಪ್ಪು. ಮಹಾಯೋಜನೆ ಜಾರಿಯಲ್ಲಿರುವ ಪ್ರದೇಶದಲ್ಲಿ ಭೂ ಪರಿವರ್ತನೆ ಆ ಯೋಜನೆಗೆ ಹೊಂದಿಕೊಂಡಿರಬೇಕು. ಆದ್ದರಿಂದ ಈಗ ನಿಮ್ಮ ಮುಂದಿರುವ ಮೊದಲ ಹಂತವೇ ಮೂರರಲ್ಲಿ ದೊಡ್ಡದು. ಹಸಿರು ಹಳದಿಯಾದ ಮೇಲೆ ಮುಂದಿನ ಎರಡು ಹಂತಗಳಲ್ಲಿ ಚರ್ಚೆಗೆ ಉಳಿಯುವುದು ರಸ್ತೆಯ ಅಗಲ, ಚರಂಡಿಯ ಆಳದಂಥ ವಿವರಗಳು ಮಾತ್ರ.

ಈ ಬದಲಾವಣೆಯ ಅಧಿಕಾರ ಯೋಜನಾ ಕಾಯ್ದೆಯ 14-ಎ ಪ್ರಕರಣದಲ್ಲಿದೆ. ಅದನ್ನು ಓದಿದಾಗ ನನಗೆ ಎದ್ದು ಕಾಣುವುದು ಅಲ್ಲಿನ ಎಚ್ಚರಿಕೆ. ನಕ್ಷೆಯಲ್ಲಿ ಆದ ತಪ್ಪುಗಳು, ಬಿಟ್ಟುಹೋದ ವಿವರಗಳು, ಯೋಜನೆಯನ್ನು ಜಾರಿಗೆ ತರುವಾಗ ಹುಟ್ಟಿದ ಸನ್ನಿವೇಶಗಳು ಮುಂತಾದ ಕಾರಣಗಳಿಗಾಗಿ, ಸರ್ಕಾರದ ಪೂರ್ವಾನುಮೋದನೆಯೊಂದಿಗೆ, ಪ್ರಾಧಿಕಾರ ಬದಲಾವಣೆಗೆ ಅವಕಾಶ ಕೊಡಬಹುದು. ಅದಕ್ಕೂ ಮೂರು ಷರತ್ತುಗಳಿವೆ: ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು, ಈ ಕಾಯ್ದೆಯನ್ನಾಗಲಿ ಭೂಮಿಯ ಬಳಕೆಗೆ ಸಂಬಂಧಿಸಿದ ಬೇರೆ ಕಾನೂನನ್ನಾಗಲಿ ಮೀರಬಾರದು, ಮತ್ತು ಪ್ರಸ್ತಾವನೆಯನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಿರಬೇಕು. ನೀವು ನೋಡಿದ ಪ್ರಕಟಣೆ ಈ ಮೂರನೆಯ ಷರತ್ತಿನ ಪಾಲನೆ. ಅಂದಮೇಲೆ ನಿಮ್ಮ ಆಕ್ಷೇಪಣೆಯನ್ನು ತಕರಾರು ಎಂದು ತಳ್ಳಿಹಾಕುವಂತಿಲ್ಲ. ಕಾನೂನೇ ಕೇಳಿದ ಪ್ರಶ್ನೆಗೆ ನೀವು ಕೊಡುವ ಉತ್ತರ ಅದು.

ಯೋಜನೆಯನ್ನು ಒಟ್ಟಾಗಿ ಮರುಪರಿಶೀಲಿಸಲು ಬೇರೆಯೇ ದಾರಿ ಇದೆ. 13-ಡಿ ಪ್ರಕರಣದ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಹೊಸ ಸಮೀಕ್ಷೆ ನಡೆಸಿ ಪರಿಷ್ಕರಿಸಬೇಕು. ಊರು ಯಾವ ದಿಕ್ಕಿಗೆ ಬೆಳೆಯಬೇಕು, ನೀರಿನ ಕೊಳವೆ, ಒಳಚರಂಡಿ, ಮುಖ್ಯರಸ್ತೆ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅಲ್ಲಿ ಒಂದೇ ನಕ್ಷೆಯ ಮೇಲೆ ತೀರ್ಮಾನವಾಗುತ್ತದೆ. 14-ಎ ಅಡಿ ಆಗುವುದು ಒಂದೊಂದೇ ಸರ್ವೆ ನಂಬರಿನ ತೀರ್ಮಾನ. ಇಂದು ಆರು ಎಕರೆ, ಬರುವ ವರ್ಷ ಅದರ ಪಕ್ಕದ ನಾಲ್ಕು ಎಕರೆ, "ಅವರಿಗೆ ಕೊಟ್ಟಿದ್ದೀರಿ, ನಮಗೇಕಿಲ್ಲ" ಎಂದು ಅದರಾಚೆಯ ಎಂಟು ಎಕರೆ. ಪ್ರತಿಯೊಂದು ಅರ್ಜಿಯನ್ನೂ ಬಿಡಿಯಾಗಿ ನೋಡಿದಾಗ ಸಣ್ಣದೇ. ಒಟ್ಟಾಗಿ ನೋಡುವ ಹೊತ್ತಿಗೆ ಕೆರೆಯ ಅಚ್ಚುಕಟ್ಟು ಪೂರ್ತಿ ಹೋಗಿರುತ್ತದೆ. ಆದ್ದರಿಂದ "ಇದೇ ಅಚ್ಚುಕಟ್ಟಿನಲ್ಲಿ ಈಗಾಗಲೇ ಎಷ್ಟು ವಿಸ್ತೀರ್ಣಕ್ಕೆ ಬದಲಾವಣೆ ಕೊಡಲಾಗಿದೆ, ಇನ್ನೆಷ್ಟು ಅರ್ಜಿಗಳು ಬಾಕಿ ಇವೆ" ಎಂಬ ಮಾಹಿತಿಯನ್ನು ಸಭೆಯ ಟಿಪ್ಪಣಿಯಲ್ಲಿ ಸೇರಿಸಬೇಕೆಂದು ನಿಮ್ಮ ಪತ್ರದಲ್ಲೇ ಕೋರಿ. ನಾನು ಕಂಡಂತೆ ಸದಸ್ಯರನ್ನು ನಿಜವಾಗಿ ಯೋಚನೆಗೆ ಹಚ್ಚುವ ಪ್ರಶ್ನೆ ಇದು.

ಇನ್ನು ಮುಖ್ಯ ವಿಷಯವಾದ ನೀರಿಗೆ ಬರುತ್ತೇನೆ. ಚಿಕ್ಕಮಗಳೂರು ಬಾಬಾಬುಡನ್ ಗಿರಿಯ ತಪ್ಪಲಿನ ಊರು. ಬೆಟ್ಟದ ಮೇಲೆ ಬಿದ್ದ ಮಳೆ ಹಳ್ಳಗಳಲ್ಲಿ ಇಳಿದು ಕೆರೆಗಳಿಗೆ ಬಂದು, ಒಂದು ಕೆರೆಯ ಕೋಡಿ ಬಿದ್ದು ಮುಂದಿನ ಕೆರೆಗೆ ಹರಿದು, ಕೊನೆಗೆ ಯಗಚಿಯನ್ನು ಸೇರುವ ಹಾದಿಯಲ್ಲಿ ಈ ಊರು ಕುಳಿತಿದೆ. ಹಿರೇಕೊಳಲೆ ಕೆರೆ, ಕೋಟೆ ಕೆರೆ, ಬಸವನಹಳ್ಳಿ ಕೆರೆ, ದಂಟರಮಕ್ಕಿ ಕೆರೆ ಎಂದು ನಾವು ಬಿಡಿಬಿಡಿಯಾಗಿ ಹೆಸರು ಹೇಳುತ್ತೇವೆ. ನೀರಿಗೆ ಆ ಬೇಲಿಗಳಿಲ್ಲ. ಕೆರೆಯ ಕೆಳಗಿನ ಗದ್ದೆಯನ್ನು ಕೇವಲ ಖಾಲಿ ಜಾಗ ಎಂದು ಓದುವ ಯಾವುದೇ ಟಿಪ್ಪಣಿ ಈ ಊರಿನ ಮಟ್ಟಿಗೆ ಅರೆಬರೆ ಟಿಪ್ಪಣಿ.

ಅಂಕಿಗಳಲ್ಲೇ ನೋಡಿ. ಆರು ಎಕರೆ ಎಂದರೆ ಸುಮಾರು 24,300 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸೇರುವ ನೀರು ಸುಮಾರು 12 ಲಕ್ಷ ಲೀಟರ್. ಬದು ಕಟ್ಟಿದ ಗದ್ದೆಯಲ್ಲಿ ನಾಲ್ಕು ಅಂಗುಲ ನೀರು ನಿಂತರೆ ಸುಮಾರು 24 ಲಕ್ಷ ಲೀಟರ್ ನಿಂತಂತೆ. ಅಂದರೆ ನೀರಿಳಿದ ಗದ್ದೆ ತನ್ನ ಮೇಲೆ ಬಿದ್ದ ಅಂಥ ಮಳೆಯನ್ನೆಲ್ಲ ಹಿಡಿದುಕೊಂಡು, ಮೇಲಿನಿಂದ ಬಂದ ಅಷ್ಟೇ ನೀರನ್ನೂ ತಡೆದು, ಆಮೇಲೆ ನಿಧಾನವಾಗಿ ಬಿಡಬಲ್ಲದು. ಅದೇ ಜಾಗವನ್ನು ಮಣ್ಣು ತುಂಬಿ ಎತ್ತರಿಸಿ, ಡಾಂಬರು ಮತ್ತು ಕಾಂಕ್ರೀಟು ಹಾಸಿದರೆ, ಆ ನೀರಿನ ಬಹುಪಾಲು ನೇರವಾಗಿ ತಗ್ಗಿನಲ್ಲಿರುವವರ ಕಡೆಗೆ ತಿರುಗುತ್ತದೆ. ನಿಮ್ಮ ಬಡಾವಣೆ ಅದಕ್ಕಿಂತ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬುದನ್ನು ನೀವು ಬರೆದಿಲ್ಲ. ಪತ್ರ ಬರೆಯುವ ಮೊದಲು ಅದನ್ನು ತಿಳಿದುಕೊಳ್ಳಿ.

ಒಂದು ಪ್ರಸಂಗ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಇಂಥದೇ ಅರ್ಜಿಗೆ ಸ್ಥಳ ಪರಿಶೀಲನೆಗೆ ಹೋಗಿದ್ದೆ. ಬೇಸಿಗೆ, ನೆಲ ಬಿರುಕು ಬಿಟ್ಟಿತ್ತು, ನಕ್ಷೆಯಲ್ಲಿ ಜಮೀನು ಹಲಗೆಯಂತೆ ಸಮತಟ್ಟಾಗಿ ಕಾಣುತ್ತಿತ್ತು. ಹಿಂದೆ ಆ ಕೆರೆಯ ನೀರುಗಂಟಿಯಾಗಿದ್ದ ವೃದ್ಧರೊಬ್ಬರು ಕೋಲೂರಿಕೊಂಡು ಬಂದರು. ಏನೂ ಮಾತಾಡದೆ ಗದ್ದೆಯ ಅಂಚಿನಲ್ಲಿ ಬೆಳೆದಿದ್ದ ಲಾಂಟಾನ ಪೊದೆಯನ್ನು ಕೋಲಿನಿಂದ ಸರಿಸಿದರು. ಒಳಗೆ ಎರಡು ಕಡೆ ಕಲ್ಲು ಕಟ್ಟಿದ, ಆಳು ಇಳಿದರೆ ಸೊಂಟದವರೆಗೆ ಬರುವ ಕಾಲುವೆ ಇತ್ತು. "ಕೋಡಿ ಬಿದ್ದಾಗ ನೀರು ಇಲ್ಲೇ ಹೋಗೋದು ಸ್ವಾಮಿ, ಹನ್ನೊಂದು ವರ್ಷದಿಂದ ಬಿದ್ದಿಲ್ಲ ಅಷ್ಟೆ" ಎಂದರು. ಅರ್ಜಿದಾರರ ನಕ್ಷೆಯಲ್ಲಿ ಆ ಕಾಲುವೆ ಇರಲಿಲ್ಲ. ನಾನು ಅದನ್ನು ವರದಿಯಲ್ಲಿ ಬರೆದೆ, ಆದರೆ ಒಂದೇ ಸಾಲಿನಲ್ಲಿ ಬರೆದೆ. ಸಭೆಯಲ್ಲಿ ಅದು ಎರಡು ಅಡಿ ವ್ಯಾಸದ ಹ್ಯೂಮ್ ಪೈಪ್ ಹಾಕಬೇಕೆಂಬ ಷರತ್ತಾಗಿ ಮುಗಿಯಿತು. ಮೂರನೆಯ ವರ್ಷ ಕೆರೆ ಕೋಡಿ ಬಿತ್ತು. ಆ ರಾತ್ರಿ ಮೂರು ಸಾಲು ಮನೆಗಳ ನೆಲಮಹಡಿಗೆ ನೀರು ನುಗ್ಗಿತು. ಸಾಲ ಮಾಡಿ ನಿವೇಶನ ಕೊಂಡು ಕಟ್ಟಿದ ಮನೆಗಳು ಅವು, ಅಲ್ಲಿದ್ದವರಲ್ಲಿ ಯಾರಿಗೂ ಆ ಕಾಲುವೆಯ ವಿಷಯ ಗೊತ್ತಿರಲಿಲ್ಲ. ಅಂದು ಒಂದು ಸಾಲಿನ ಬದಲು ಒಂದು ಪುಟ ಬರೆದು, ಜೊತೆಗೆ ಫೋಟೋ ಲಗತ್ತಿಸಬೇಕಿತ್ತು ಎಂದು ನಾನು ಇಂದಿಗೂ ನೊಂದುಕೊಳ್ಳುತ್ತೇನೆ.

ಅದಕ್ಕಾಗಿಯೇ ನಿಮಗೆ ಮೊದಲು ಹೇಳುವುದು ಗ್ರಾಮ ನಕಾಶೆ ತರಿಸಿಕೊಳ್ಳಿ ಎಂದು. ಭೂಮಾಪನ ಇಲಾಖೆಯಲ್ಲಿ ಅದು ಸಿಗುತ್ತದೆ. ಹಳ್ಳ, ಕಾಲುವೆ, ಬಂಡಿದಾರಿ, ಕೆರೆಯ ಅಂಗಳ ಎಲ್ಲವೂ ಅದರಲ್ಲಿ ಗುರುತಾಗಿರುತ್ತವೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಆ ಜಮೀನಿನಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂಬುದು ಅಂದಾಜಿಗೆ ತಿಳಿಯುತ್ತದೆ. ಆಮೇಲೆ ಪಹಣಿ ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ಭೂಮಾಪನ ದಾಖಲೆ) ನೋಡಿ, ಖರಾಬು ಎಷ್ಟಿದೆ, ಅದು ಯಾವ ವರ್ಗದ್ದು ಎಂಬುದನ್ನು ಗಮನಿಸಿ. 'ಎ' ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. 'ಬಿ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ಅದು ಜಮೀನಿನ ಮಾಲೀಕರ ಸ್ವತ್ತಲ್ಲ. ಆರು ಎಕರೆಯಲ್ಲಿ ಎಂಟು ಗುಂಟೆ 'ಬಿ' ಖರಾಬು ಇದ್ದರೆ ಅರ್ಜಿಯ ವಿಸ್ತೀರ್ಣದಿಂದ ಅದನ್ನು ಮೊದಲು ಕಳೆಯಬೇಕು. ಆ ಎಂಟು ಗುಂಟೆ ಉದ್ದಕ್ಕೆ ಹರಿದ ಹಳ್ಳವಾಗಿದ್ದರೆ ಇಡೀ ವಿನ್ಯಾಸ ನಕ್ಷೆಯೇ ಅದರ ಸುತ್ತ ಬದಲಾಗಬೇಕು. ಕೆರೆಯ ಗಡಿಯಿಂದ ಬಿಡಬೇಕಾದ ಅಂತರದ ಪ್ರಶ್ನೆಯೂ ಇದೆ. 2014ರ ಕೆರೆ ಸಂರಕ್ಷಣಾ ಕಾಯ್ದೆ ಮತ್ತು ವಲಯ ನಿಯಮಾವಳಿ ಎರಡನ್ನೂ ಹೆಸರಿಸಿ, ಗಡಿಯನ್ನು ಸರ್ವೆ ಮಾಡಿಸಿ ಗುರುತು ಕಲ್ಲು ನೆಟ್ಟ ಮೇಲೆಯೇ ಅರ್ಜಿಯನ್ನು ಪರಿಗಣಿಸಬೇಕೆಂದು ಕೋರಿ. ಜಮೀನು ಪರಿಶಿಷ್ಟರಿಗೆ ಮಂಜೂರಾಗಿದ್ದುದಾದರೆ ಅಂಥ ಜಮೀನಿನ ಮಾರಾಟವನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಶ್ನೆ ಬೇರೆ ಏಳುತ್ತದೆ, ಅದನ್ನೂ ಪಹಣಿಯ ಜೊತೆಗೇ ನೋಡಿಬಿಡಿ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳಲೇಬೇಕು. ಊರಿಗೆ ಮನೆಗಳು ಬೇಕು. ನಿಮ್ಮ ಬಡಾವಣೆಯೂ ಒಂದು ಕಾಲಕ್ಕೆ ಯಾರದೋ ಹೊಲವೇ ಆಗಿತ್ತು. ಬಾಡಿಗೆ ಮನೆಯಲ್ಲಿರುವ ಶಿಕ್ಷಕರು, ಅಂಗಡಿಗಳಲ್ಲಿ ದುಡಿಯುವವರು, ತೋಟದ ಕೆಲಸ ಬಿಟ್ಟು ಪೇಟೆಗೆ ಬಂದ ಕುಟುಂಬಗಳು ಮೂವತ್ತು ನಲವತ್ತರ ನಿವೇಶನಕ್ಕಾಗಿ ವರ್ಷಗಟ್ಟಲೆ ಉಳಿತಾಯ ಮಾಡುತ್ತಾರೆ. ಪ್ರಾಧಿಕಾರ ಎಲ್ಲ ಅರ್ಜಿಗಳಿಗೂ ಇಲ್ಲ ಎಂದರೆ ಗದ್ದೆ ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ. ಅನುಮೋದನೆಯೇ ಇಲ್ಲದ ರೆವಿನ್ಯೂ ಸೈಟುಗಳು ಅಲ್ಲಿ ಏಳಬಹುದು. ಅವುಗಳಿಗೆ ಚರಂಡಿಯೂ ಇಲ್ಲ, ಪಾರ್ಕೂ ಇಲ್ಲ, ನಾಳೆ ಖಾತೆಗೂ ಅಲೆದಾಟ. "ನಮಗೆ ಗಾಳಿ ಬೆಳಕು ಕಡಿಮೆಯಾಗುತ್ತದೆ, ಶಾಂತಿ ಹಾಳಾಗುತ್ತದೆ" ಎಂಬಷ್ಟೇ ಆಕ್ಷೇಪಣೆಗೆ ಸಭೆಯಲ್ಲಿ ತೂಕ ಸಿಗದಿರುವುದಕ್ಕೆ ಇದೇ ಕಾರಣ, ಸಿಗಬಾರದು ಎಂದೇ ನನ್ನ ಅಭಿಪ್ರಾಯ. ಪ್ರಶ್ನೆ ಮನೆ ಬೇಕೋ ಬೇಡವೋ ಎಂಬುದಲ್ಲ, ಈ ಆರು ಎಕರೆಯೇ ಏಕೆ ಎಂಬುದು. ಚಿಕ್ಕಮಗಳೂರಿನ ಒಂದು ಮಗ್ಗುಲು ಮಲೆನಾಡಿನ ತಪ್ಪಲು, ಇನ್ನೊಂದು ಮಗ್ಗುಲು ಕಡೂರಿನ ಕಡೆಗೆ ತೆರೆದುಕೊಳ್ಳುವ ಬಯಲು. ಒಣ ಬೇಸಾಯದ ಎತ್ತರದ ಹೊಲಗಳು ಸಿಗುವ ದಿಕ್ಕಿನಲ್ಲಿ ಊರನ್ನು ಬೆಳೆಸುವುದು, ಕೆರೆ ಬಯಲನ್ನೂ ಬೆಟ್ಟದ ಇಳಿಜಾರನ್ನೂ ಬಿಡುವುದು ಸರಿಯಾದ ಕ್ರಮವೆಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸೌಲಭ್ಯಗಳ ಲೆಕ್ಕವನ್ನೂ ಪತ್ರದಲ್ಲಿ ಸೇರಿಸಿ. ಆರು ಎಕರೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ಶೇಕಡ 55ರಷ್ಟು ನಿವೇಶನಗಳಿಗೆ ಉಳಿಯಿತು ಎಂದುಕೊಂಡರೆ 30×40 ಅಳತೆಯ ಸುಮಾರು 120 ನಿವೇಶನಗಳಾಗುತ್ತವೆ. ಮನೆಗೆ ಐವರಂತೆ 600 ಜನ. ಒಳಚರಂಡಿ ಇರುವ ಪಟ್ಟಣಗಳಿಗೆ ಬಳಸುವ ತಲಾ 135 ಲೀಟರಿನ ಮಾನದಂಡದಂತೆ ದಿನಕ್ಕೆ ಸುಮಾರು 80 ಸಾವಿರ ಲೀಟರ್ ನೀರು ಬೇಕು, ಅದರಲ್ಲಿ 65 ಸಾವಿರ ಲೀಟರಿನಷ್ಟು ಕೊಳಚೆಯಾಗಿ ಹೊರಬರುತ್ತದೆ. ನಗರಸಭೆಯ ಕೊಳವೆ ಅಲ್ಲಿಯವರೆಗೆ ಬಂದಿದೆಯೇ? ಒಳಚರಂಡಿಯ ಸಂಪರ್ಕ ಸಿಗುವ ಅತಿ ಹತ್ತಿರದ ಮ್ಯಾನ್‌ಹೋಲ್ ಜಮೀನಿಗಿಂತ ತಗ್ಗಿನಲ್ಲಿದೆಯೇ? ಕೆರೆಯ ಕೆಳಗಿನ ಜಾಗದಲ್ಲಿ ಈ ಕೊನೆಯ ಪ್ರಶ್ನೆಗೆ ಉತ್ತರ ಬಹಳ ಸಲ ಇಲ್ಲ ಎಂದೇ ಇರುತ್ತದೆ. ಆಗ ಕೊಳಚೆ ಹರಿಯುವುದು ಆ ಹಳೆಯ ಕಾಲುವೆಗೇ.

ಹೀಗಾಗಿ ನಿಮ್ಮ ಪತ್ರ ಎರಡು ಭಾಗಗಳಲ್ಲಿರಲಿ. ಮೊದಲ ಭಾಗದಲ್ಲಿ ಬದಲಾವಣೆ ಏಕೆ ಬೇಡ ಎಂಬುದನ್ನು ಸರ್ವೆ ನಂಬರು, ಗ್ರಾಮ, ಹೋಬಳಿ ಸಹಿತ ಬರೆಯಿರಿ, ಗ್ರಾಮ ನಕಾಶೆಯ ಪ್ರತಿ ಮತ್ತು ಮಳೆಗಾಲದಲ್ಲಿ ದಿನಾಂಕ ಬೀಳುವಂತೆ ತೆಗೆದ ಫೋಟೋಗಳನ್ನು ಲಗತ್ತಿಸಿ. ಎರಡನೆಯ ಭಾಗದಲ್ಲಿ, ಒಂದು ವೇಳೆ ಪ್ರಾಧಿಕಾರ ಒಪ್ಪಿಗೆ ಕೊಡುವುದೇ ಆದರೆ ಯಾವ ಷರತ್ತುಗಳು ಇರಬೇಕು ಎಂಬುದನ್ನೂ ಬರೆಯಿರಿ: ಹಳ್ಳವನ್ನು ಅದರ ಪೂರ್ಣ ಅಗಲದಲ್ಲಿ ತೆರೆದೇ ಉಳಿಸಬೇಕು, ಉದ್ಯಾನವನ್ನು ಉಳಿದ ಮೂಲೆಯಲ್ಲಿ ಹೊಂದಿಸುವ ಬದಲು ಆ ಹಳ್ಳದ ಎರಡೂ ಮಗ್ಗುಲಲ್ಲಿ ಇಡಬೇಕು, ಮಣ್ಣು ತುಂಬುವ ಎತ್ತರಕ್ಕೆ ಮಿತಿ ಇರಬೇಕು. ಇದರಿಂದ ನಿಮ್ಮ ವಿರೋಧ ದುರ್ಬಲವಾಗುತ್ತದೆ ಎಂದು ಕೆಲವರು ಹೇಳಬಹುದು. ನನ್ನ ಅನುಭವ ಬೇರೆ. ಬರೀ ಬೇಡ ಎಂದ ಪತ್ರವನ್ನು "ಆಕ್ಷೇಪಣೆ ತಿರಸ್ಕರಿಸಲಾಗಿದೆ" ಎಂಬ ಎರಡು ಪದಗಳಲ್ಲಿ ಮುಗಿಸಿಬಿಡಬಹುದು. ಕಾರಣಗಳನ್ನೂ ಷರತ್ತುಗಳನ್ನೂ ಬಿಡಿಸಿ ಹೇಳಿದ ಪತ್ರಕ್ಕೆ ಅಷ್ಟು ಸುಲಭವಾಗಿ ಉತ್ತರಿಸಲಾಗದು, ನಾಳೆ ವಿಷಯ ನ್ಯಾಯಾಲಯಕ್ಕೆ ಹೋದರೆ ಅದೇ ಪತ್ರ ನಿಮ್ಮ ಮುಖ್ಯ ದಾಖಲೆಯೂ ಆಗುತ್ತದೆ. ಪತ್ರವನ್ನು ಪ್ರಾಧಿಕಾರದ ಟಪಾಲು ವಿಭಾಗದಲ್ಲಿ ಖುದ್ದಾಗಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡಿ. ಸಭೆ ಮುಗಿದ ಮೇಲೆ ಮಾಹಿತಿ ಹಕ್ಕಿನಡಿ ಸಭಾ ನಡವಳಿ ಮತ್ತು ಆ ವಿಷಯದ ಟಿಪ್ಪಣಿಯ ಪ್ರತಿ ಕೇಳಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಅಂತಿಮವಾಗಿ ಸರ್ಕಾರದ ಅನುಮೋದನೆಯೂ ಬೇಕಾಗಿರುವುದರಿಂದ, ಪ್ರಾಧಿಕಾರ ಶಿಫಾರಸು ಮಾಡಿದರೆ ನಗರಾಭಿವೃದ್ಧಿ ಇಲಾಖೆಗೂ ನೀವು ಅದೇ ದಾಖಲೆಗಳನ್ನು ಕಳುಹಿಸಬಹುದು.

ಕೊನೆಯದಾಗಿ ಪಾರ್ಕಿನ ಪ್ರಶ್ನೆ. ಇದಕ್ಕೆ ಉತ್ತರ ಚಿಕ್ಕದು. ಅನುಮೋದಿತ ವಿನ್ಯಾಸ ನಕ್ಷೆಯಲ್ಲಿ ಆ ಜಾಗ 'ಸಿ.ಎ.' ಎಂದು, ಅಂದರೆ ನಾಗರಿಕ ಸೌಲಭ್ಯ ನಿವೇಶನವೆಂದು ಗುರುತಾಗಿದ್ದರೆ ಸಮುದಾಯ ಭವನದ ಮಾತಿಗೆ ಅರ್ಥವಿದೆ. ಉದ್ಯಾನವೆಂದು ಗುರುತಾಗಿದ್ದರೆ ಇಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಟ್ರಸ್ಟಿನ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂದು ಹೆಸರಾದ ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಆ ಹಂಚಿಕೆಯನ್ನು ಎತ್ತಿಹಿಡಿಯಲಿಲ್ಲ, ಇಂಥ ವಿಷಯದಲ್ಲಿ ಪ್ರಶ್ನೆ ಎತ್ತುವ ಹಕ್ಕು ನಿವಾಸಿಗಳಿಗೆ ಇದೆ ಎಂಬುದನ್ನೂ ಒಪ್ಪಿತು. ಆಸ್ಪತ್ರೆಯಂಥ ಉಪಯುಕ್ತ ಉದ್ದೇಶಕ್ಕೇ ಪಾರ್ಕಿನ ಜಾಗ ಸಿಗಲಿಲ್ಲ ಎಂಬುದನ್ನು ಭವನ ಬೇಕೆನ್ನುವ ನಿಮ್ಮ ನೆರೆಯವರಿಗೆ ಸಮಾಧಾನದಿಂದ ತಿಳಿಸಿ. ಜೊತೆಗೆ ನಿಮ್ಮ ಬಡಾವಣೆಯ ರಸ್ತೆ, ಉದ್ಯಾನಗಳನ್ನು ಬಡಾವಣೆ ಮಾಡಿದವರು ನೋಂದಾಯಿತ ಪತ್ರದ ಮೂಲಕ ಪ್ರಾಧಿಕಾರಕ್ಕೋ ನಗರಸಭೆಗೋ ಬಿಟ್ಟುಕೊಟ್ಟಿದ್ದಾರೆಯೇ ಎಂಬುದನ್ನು ಈ ವಾರವೇ ವಿಚಾರಿಸಿ. ಹದಿನಾಲ್ಕು ವರ್ಷವಾದರೂ ಆ ಪತ್ರ ಆಗದೆ, ಪಾರ್ಕಿನ ಜಾಗದ ಪಹಣಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿರುವ ಬಡಾವಣೆಗಳು ಇವೆ. ನಿಮ್ಮದೂ ಹಾಗಿದ್ದರೆ, ಭವನದ ಚರ್ಚೆಗಿಂತ ಮೊದಲು ಆಗಬೇಕಾದ ಕೆಲಸ ಅದು.